ಲೆಕ್ಕಕ್ಕೆ ಸಿಕ್ಕ ಸಂಸಾರ

ಖರ್ಚು ಬರೆದಿಟ್ಟರೆ ಹಣ ಉಳಿಯುತ್ತದೆ ಎಂದು ಉಪದೇಶಿಸುವವರು ಅದರ ಮುಖ್ಯ ಪ್ರಯೋಜನವನ್ನೇ ಮರೆಯುತ್ತಾರೆ. ಮನೆಯಲ್ಲಿ ದುಂದುಗಾರರು ಯಾರು ಎಂಬ ಬಹುಕಾಲದ ವ್ಯಾಜ್ಯಕ್ಕೆ ಅದರಿಂದ ಲಿಖಿತ ಸಾಕ್ಷ್ಯ ದೊರೆಯುತ್ತದೆ. ಸಾಕ್ಷ್ಯ ಸಾಮಾನ್ಯವಾಗಿ ದಾವೆ ಹೂಡಿದವನ ವಿರುದ್ಧವೇ ನುಡಿಯುತ್ತದೆಂಬುದು ಬೇರೆ ಮಾತು.

ಈ ಸಾಕ್ಷ್ಯ ಸಂಗ್ರಹದ ಉತ್ಸಾಹದಲ್ಲಿ ನಾನು ಅಂಗಡಿಯ ರಸೀದಿಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ, ಬಿಸಿಲು ಬೀಳುವ ಕಿಟಕಿಗೆ ನೇತುಹಾಕಿದ್ದೆ. ಈಗಿನ ಹೆಚ್ಚಿನ ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಲೇಪವು ಯಂತ್ರದೊಳಗೆ ಬಿಸಿ ತಾಗಿದಲ್ಲೆಲ್ಲ ಕಪ್ಪಾಗಿ ಅಕ್ಷರವಾಗುತ್ತದೆ, ಬೆಳಕಿಗೊಡ್ಡಿದರೆ ಕ್ರಮೇಣ ಮಾಸಿಹೋಗುತ್ತದೆ. ಕೆಲವು ತಿಂಗಳ ಬಳಿಕ ಲೆಕ್ಕ ಹಾಕಲು ಕುಳಿತಾಗ, ಸಂನ್ಯಾಸಿಯ ಆಸ್ತಿಪತ್ರದಷ್ಟು ನಿಷ್ಕಳಂಕವಾದ ಬಿಳಿ ಚೀಟಿಗಳು ಗಾಳಿಗೆ ಅಲ್ಲಾಡುತ್ತಿದ್ದವು. ಅಷ್ಟು ಮಿತವ್ಯಯದಿಂದ ನಮ್ಮ ಮನೆಯವರು ಹಿಂದೆಂದೂ ಬದುಕಿರಲಿಲ್ಲ.

ಅಂದಿನಿಂದ ಖರ್ಚಾದ ಕೂಡಲೇ ಲೆಕ್ಕದ ಪುಸ್ತಕದಲ್ಲಿ ಕೈಯಾರೆ ಬರೆಯುವ ಪದ್ಧತಿ ಬಂತು. ನಿಜವಾದ ಗುಣ ಕಂಡದ್ದು ಆಗಲೇ. ಹಣ ಕೊಡುವಾಗ ಆಗುವ ಸಂಕಟವು ಕೊಳ್ಳುವ ಸಂತೋಷಕ್ಕೆ ಕಡಿವಾಣ ಹಾಕುತ್ತದೆಂದು ಅರ್ಥಶಾಸ್ತ್ರಜ್ಞರಾದ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1998ರ ಪ್ರಬಂಧವೊಂದರಲ್ಲಿ ವಿವರಿಸಿದ್ದರು. ನೋಟು ಎಣಿಸಿ ಕೊಡುವಾಗ ಚುರುಕ್ಕೆನ್ನುವ ಕರುಳು ಮೊಬೈಲಿನ ಪರದೆ ಒತ್ತುವಾಗ ನಿದ್ರಿಸುತ್ತಿರುತ್ತದೆ, ಕಾರ್ಡು ಉಜ್ಜುವಾಗಲಂತೂ ಗೊರಕೆಯನ್ನೇ ಹೊಡೆಯುತ್ತದೆ. ಅದನ್ನು ತಟ್ಟಿ ಎಬ್ಬಿಸುವ ಕೆಲಸವನ್ನು ಪುಸ್ತಕ ಮಾಡುತ್ತದೆ. ‘ಕೊಡೆ’ ಎಂದು ಬರೆದು, ಹಿಂದಿನ ಪುಟದಲ್ಲಿಯೂ ಅದೇ ಕೊಡೆ ಕಂಡು, ಮೊದಲನೆಯದು ಬಾಗಿಲ ಹಿಂದೆಯೇ ತೂಗುತ್ತಿದೆಯೆಂಬುದು ನೆನಪಾದ ಮೇಲೆ ಮೂರನೆಯದನ್ನು ಕೊಳ್ಳಲು ಕೈ ಬರುವುದಿಲ್ಲ. ಮುಂದೆ ಬರೆಯಬೇಕಲ್ಲ ಎಂಬ ಸಂಕೋಚವೊಂದೇ ಎಷ್ಟೋ ವ್ಯಾಪಾರಗಳನ್ನು ಅಂಗಡಿಯಲ್ಲೇ ಮುರಿದುಹಾಕಿದೆ.

ಸದ್ದಿಲ್ಲದೆ ತಾವಾಗಿಯೇ ನವೀಕರಣಗೊಳ್ಳುವ ಚಂದಾಗಳದ್ದು ಇನ್ನೊಂದು ಕಥೆ. ಪ್ರತಿ ತಿಂಗಳೂ ಅದೇ ದಿನ ಅದೇ ಮೊತ್ತ ಕರಗುತ್ತಿರುವುದನ್ನು ಪುಸ್ತಕ ತೋರಿಸಿದಾಗ, ಅದು ನಾನು ಉದ್ಘಾಟನೆಗಷ್ಟೇ ಹಾಜರಾಗಿದ್ದ ವ್ಯಾಯಾಮದ ಆ್ಯಪ್ ಎಂದು ತಿಳಿಯಿತು. ರದ್ದುಗೊಳಿಸಲು ಹೋದರೆ ಕಾರಣ ಕೇಳಿತು. ‘ಗುರಿ ಸಾಧಿಸಿದ್ದೇನೆ’ ಎಂಬುದನ್ನು ಧೈರ್ಯವಾಗಿ ಆರಿಸಿದೆ. ಕೂಡಲೇ ಅಭಿನಂದನೆಯೊಂದಿಗೆ, ಅರ್ಧ ಬೆಲೆಗೆ ಮುಂದುವರಿಸುವ ಅವಕಾಶವೂ ಬಂತು. ಕೊಡದೆ ಉಳಿಯುವ ಅರ್ಧವನ್ನು ಜಮೆಯ ಕಡೆ ಬರೆಯುವ ಆಸೆಯಿಂದ ಪುಸ್ತಕ ತೆರೆದೆ. ಅದಕ್ಕೆ ಅಂಕಣವಿಲ್ಲದ ಕಾರಣ ರಿಯಾಯಿತಿಯನ್ನು ನಿರಾಕರಿಸಬೇಕಾಯಿತು.