ಹೊಳೆಯುವ ಕೀಲು, ಹಳೆಯ ಕದ

ಅಂಗಡಿಯಲ್ಲಿ 'ಆಂಟಿಕ್ ಫಿನಿಶ್' ಅಂತ, ಹೊಸದನ್ನೇ ಹಳೇದರ ಹಾಗೆ ಕಪ್ಪು ಮಾಡಿ ಕೊಡುವ ಚಿಲಕ, ಹಿಡಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗಂತ ಹೊಸ ಲೋಹದ ಹೊಳಪು ಇಳಿಸಬಾರದು ಅಂತ ನಾನು ಹೇಳುವುದಿಲ್ಲ, ಆ ಕೆಲಸವನ್ನು ನಾನೇ ಮಾಡುತ್ತೇನೆ. ಎಲ್ಲಿ ಇಳಿಸುತ್ತೀರಿ, ಎಷ್ಟು ಇಳಿಸುತ್ತೀರಿ, ಆಮೇಲೆ ನೋಡಿದವರಿಗೆ ಏನಂತ ಹೇಳುತ್ತೀರಿ ಅನ್ನುವುದರಲ್ಲಿ ನನ್ನ ಜಗಳ ಇರುವುದು.

ನಮ್ಮದು ಮೈಸೂರಿನ ಅಗ್ರಹಾರದ ಕಡೆಯ ಹಳೇ ಮನೆ. ಮುಂಬಾಗಿಲಿಗೆ ಎರಡು ತೇಗದ ಕದ, ಹಿತ್ತಾಳೆಯ ಕೀಲು, ಚಿಲಕ, ಬಳೆ. ಒಂದು ಕೀಲು ಸವೆದು ಕದ ಜೋತುಬಿದ್ದು ನೆಲಕ್ಕೆ ಉಜ್ಜುತ್ತಿತ್ತು. ಹೊಸದು ತಂದು ಹಾಕಿಸಿದೆವು. ನಡುಮನೆಯಲ್ಲಿ ಕೂತವರ ಕಣ್ಣೆಲ್ಲ ಆ ಕೀಲಿನ ಮೇಲೆಯೇ. ಹಳೇ ಪಂಚೆಗೆ ಜರಿಯ ತೇಪೆ ಹಾಕಿದ ಹಾಗಿತ್ತು. ಇಂಥ ಕಡೆ ಹೊಳಪು ಇಳಿಸಲೇಬೇಕು ಅನ್ನುವವನು ನಾನು. ಬಾಗಿಲು ಒಂದೇ ಬಾಗಿಲಾಗಿ ಕಾಣಬೇಕಲ್ವಾ?

ನಮ್ಮ ದೊಡ್ಡಮ್ಮ ಒಪ್ಪಲಿಲ್ಲ. "ಊರವರೆಲ್ಲ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗ್ತಾರೆ. ನೀನು ದುಡ್ಡು ಕೊಟ್ಟು ತಂದು ಕಿಲುಬು ಹಿಡಿಸ್ತಿದೀಯಲ್ಲೋ!" ಅಂದರು. ಅವರ ಮಾತಲ್ಲಿ ನ್ಯಾಯ ಇದೆ. ಪಾತ್ರೆಯ ವಿಷಯದಲ್ಲಂತೂ ಪೂರ್ತಿ ನ್ಯಾಯ. ಹುಳಿ ತಾಗಿ ಕಿಲುಬು ಬಿಟ್ಟರೆ ಅಡುಗೆ ಕೆಡುತ್ತದೆ ಅಂತಲೇ ನಮ್ಮವರು ಹಿತ್ತಾಳೆ ಪಾತ್ರೆಗೆ ಒಳಗಡೆ ಕಲಾಯಿ ಹಾಕಿಸುತ್ತಿದ್ದದ್ದು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಬಾಗಿಲು, ಕಿಟಕಿ, ಪೆಟ್ಟಿಗೆಯ ಸಾಮಾನಿಗೆ ಮಾತ್ರ. ತಿನ್ನುವ, ಕುಡಿಯುವ ಪಾತ್ರೆಯ ಹತ್ತಿರ ಇದನ್ನೆಲ್ಲ ತರಬೇಡಿ.

ಮೊದಲು ಕೈಯಲ್ಲಿರುವುದು ಏನು ಅಂತ ತಿಳಿಯಬೇಕು. ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕಬ್ಬಿಣ, ಮೇಲೆ ಹಿತ್ತಾಳೆ ಬಣ್ಣದ ತೆಳು ಲೇಪ. ಅಂಟದಿದ್ದರೂ ಹಿತ್ತಾಳೆಯೇ ಅಂತ ಹೇಳಲಾಗುವುದಿಲ್ಲ. ಈಗ ಎಷ್ಟೋ ಹಿಡಿಗಳು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದವು. ಹಿಂಭಾಗದಲ್ಲಿ ಕಾಣದ ಕಡೆ ಅರದಿಂದ ಸ್ವಲ್ಪ ಗೀರಿ. ಒಳಗೆ ಹಳದಿ ಕಂಡರೆ ಹಿತ್ತಾಳೆ, ಬೂದುಬಿಳಿ ಕಂಡರೆ ಅಲ್ಲ. ಲೇಪದ ಸಾಮಾನಿನ ಜೊತೆ ಗುದ್ದಾಡಬೇಡಿ, ಲೇಪ ಹೋದರೆ ಒಳಗಿನದು ಇನ್ನೂ ಅಸಹ್ಯ.

ಅಪ್ಪಟ ಹಿತ್ತಾಳೆಯಾದರೂ ಹೊಸದರ ಮೇಲೆ ಸಾಮಾನ್ಯವಾಗಿ ಬಣ್ಣವಿಲ್ಲದ ಲ್ಯಾಕರ್ ಬಳಿದಿರುತ್ತಾರೆ, ಅಂಗಡಿಯಲ್ಲಿ ಹೊಳಪು ಹೋಗದಿರಲಿ ಅಂತ. ಅದು ಇರುವ ತನಕ ಯಾವ ಔಷಧಿಯೂ ನಾಟುವುದಿಲ್ಲ. ಥಿನ್ನರ್ ಅಥವಾ ಅಸಿಟೋನ್‌ನಲ್ಲಿ ನೆನೆಸಿ ಉಜ್ಜಿದರೆ ಹೆಚ್ಚಿನವು ಬಿಡುತ್ತವೆ. ಜಗ್ಗದಿದ್ದರೆ ಪೇಂಟ್ ರಿಮೂವರ್. ಆಮೇಲೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಇದ್ದ ಕಡೆ ಬಣ್ಣ ಕೂರುವುದಿಲ್ಲ.

ಇಲ್ಲಿಗೇ ನಿಲ್ಲಿಸಿ ಅಂತ ನನ್ನ ಸಲಹೆ. ಲ್ಯಾಕರ್ ಹೋದ ಹಿತ್ತಾಳೆಯನ್ನು ಗಾಳಿಗೆ ಬಿಟ್ಟರೆ ತಾನಾಗಿ ಮಂಕಾಗುತ್ತದೆ. ಒಂದು ಮಳೆಗಾಲ ಕಳೆಯಲಿ, ಗೊತ್ತಾಗುತ್ತದೆ. ಪುಕ್ಕಟೆ ಕೆಲಸ, ಬಣ್ಣವೂ ಸಹಜ. ಅದಕ್ಕೆ ಪುರುಸೊತ್ತು ಯಾರಿಗಿದೆ, ಅದು ಬೇರೆ ಮಾತು.

ಅವಸರದವರು ಹಿಡಿಯುವ ದಾರಿ ಅಮೋನಿಯಾ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಬಟ್ಟಲು ಅಮೋನಿಯಾ ದ್ರಾವಣ, ಅದರ ಮೇಲೆ ತಾಗದ ಹಾಗೆ ಹಿತ್ತಾಳೆ ಸಾಮಾನು. ಕೆಲವು ಗಂಟೆಯಲ್ಲಿ ಕಂದು ಬಣ್ಣ ಬರುತ್ತದೆ. ಮಾಡುವುದಾದರೆ ತಾರಸಿಯ ಮೇಲೆ, ಕನ್ನಡಕ, ಗ್ಲೌಸ್ ಹಾಕಿಕೊಂಡು ಮಾಡಿ. ಆ ಘಾಟು ಕಣ್ಣಿಗೂ ಗಂಟಲಿಗೂ ಒಳ್ಳೆಯದಲ್ಲ.

ಆದರೆ ಭಾರ ಹೊರುವ ಕೀಲಿಗೆ ಇದನ್ನು ನಾನು ಬೇಡ ಅನ್ನುತ್ತೇನೆ. ಕಾರಣ ನಮ್ಮ ದೇಶದ್ದೇ ಒಂದು ಕಥೆ. ಬ್ರಿಟಿಷ್ ಸೈನ್ಯ ಇಲ್ಲಿದ್ದ ಕಾಲದಲ್ಲಿ, ಮಳೆಗಾಲ ಬಂದರೆ ಅವರ ಬಂದೂಕಿನ ತೋಟಾಗಳ ಹಿತ್ತಾಳೆ ಕೋಶಗಳು ತಮ್ಮಷ್ಟಕ್ಕೆ ಬಿರುಕು ಬಿಡುತ್ತಿದ್ದವು. ಯಾರೂ ಗುಂಡು ಹಾರಿಸಿಲ್ಲ, ಬೀಳಿಸಿಲ್ಲ, ಸುಮ್ನೆ ಇಟ್ಟಲ್ಲೇ ಸೀಳು. ಮಳೆಗಾಲದಲ್ಲಿ ಆಗುತ್ತಿದ್ದದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅನ್ನುವ ಹೆಸರೇ ಬಿತ್ತು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ತೋಟಾಗಳನ್ನು ಇಟ್ಟ ಜಾಗದ ಪಕ್ಕ ಕುದುರೆ ಲಾಯ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಜೊತೆಗೆ ಹಿತ್ತಾಳೆಯನ್ನು ಕಾಯಿಸದೆ ಎಳೆದು ರೂಪಕ್ಕೆ ತಂದಾಗ ಲೋಹದೊಳಗೆ ಉಳಿದ ಬಿಗಿತ. ಮೂರೂ ಸೇರಿ ಸೀಳುತ್ತಿದ್ದವು. ಮಾಡಿ ಮುಗಿಸಿದ ಕೋಶಗಳನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ತೊಂದರೆ ಕಡಿಮೆಯಾಗುತ್ತದೆ ಅಂತಲೂ ಗೊತ್ತಾಯಿತು. ಈಗ ಯೋಚಿಸಿ, ತೆಳು ತಗಡು ಒತ್ತಿ ಮಡಿಸಿ ಮಾಡಿದ ಹಿತ್ತಾಳೆ ಕೀಲನ್ನು ನಾವು ಡಬ್ಬಿಯಲ್ಲಿಟ್ಟು ಅದೇ ಅಮೋನಿಯಾ ಕುಡಿಸುತ್ತೇವೆ. ಆಮೇಲೆ ಅದಕ್ಕೆ ತೇಗದ ಕದ ನೇತುಹಾಕುತ್ತೇವೆ. ಡ್ರಾಯರಿನ ಗುಂಡಿಗೆ, ಎರಕದ ಬಳೆಗೆ ಬೇಕಾದರೆ ಮಾಡಿಕೊಳ್ಳಿ. ಕೀಲಿಗೆ, ಸ್ಕ್ರೂಗೆ ಬೇಡ.

ಕಬ್ಬಿಣದ ಸಾಮಾನು ಸುಲಭ. ಬೆಳ್ಳಗೆ ಹೊಳೆಯುವ ಸ್ಕ್ರೂ, ಮೊಳೆಗಳ ಮೇಲೆ ಸತುವಿನ ಲೇಪ ಇರುತ್ತದೆ. ವಿನೆಗರಿನಲ್ಲಿ ಹಾಕಿದರೆ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತರೆ ಸತು ಹೋಯಿತು ಅಂತ ಲೆಕ್ಕ. ಸೋಡಾಪುಡಿ ನೀರಲ್ಲಿ ತೊಳೆದು ಒಣಗಿಸಿ. ಕಪ್ಪಾಗಬೇಕಾದರೆ ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ನೆನೆಸಿ. ಅದಕ್ಕಿಂತ ನನಗೆ ಇಷ್ಟ ಅಳಲೆಕಾಯಿ, ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಜಜ್ಜಿ ಕುದಿಸಿದ ಕಷಾಯದ ಒಗರು ಕಬ್ಬಿಣದ ಜೊತೆ ಸೇರಿ ನೀಲಿಗಪ್ಪಾಗುತ್ತದೆ. ಹಿಂದೆ ಬಟ್ಟೆಗೆ ಕಪ್ಪು ಹಾಕುತ್ತಿದ್ದದ್ದು, ಶಾಯಿ ಮಾಡುತ್ತಿದ್ದದ್ದು ಇದೇ ಜೋಡಿಯಿಂದ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಒರೆಸಿ. ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಆರುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ. ವಿನೆಗರಿಗೆ ಕಾಯುವ ತಾಳ್ಮೆ ಇಲ್ಲದವರು ಬಚ್ಚಲು ತೊಳೆಯುವ ಆಸಿಡ್ ಹಾಕುತ್ತಾರೆ. ಅದರ ಹೊಗೆ ಸುತ್ತಲಿನ ಒಳ್ಳೆ ಉಪಕರಣಕ್ಕೂ ತುಕ್ಕು ಹಿಡಿಸುತ್ತದೆ. ಅದಕ್ಕೆ ಬ್ಲೀಚ್ ಸೇರಿದರಂತೂ ಕ್ಲೋರಿನ್ ಅನಿಲ, ಜೀವಕ್ಕೇ ಅಪಾಯ. ಸತು ಹೋಗಲಿ ಅಂತ ಬೆಂಕಿಗೆ ಹಾಕುವುದೂ ಬೇಡ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಸ್ಟಾರ್ ಸ್ಕ್ರೂ ಹಾಕಿ ಕೆಡಿಸುವವರೇ ಜಾಸ್ತಿ! ಸ್ಟಾರ್ ತಲೆಯ ಸ್ಕ್ರೂ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಅದಕ್ಕಿಂತ ಹಳೆಯ ಬಾಗಿಲಿಗೆ ಒಂದೇ ಗೀರಿನ ಸ್ಕ್ರೂ ಹುಡುಕಿ ತರಬೇಕು. ನಮ್ಮ ಆಚಾರ್ರು ಗೊಣಗಿದರು, "ಮಿಷನ್ ಹಿಡಿಯಲ್ಲ ಸಾರ್, ಕೈಯಲ್ಲೇ ತಿರುಗಿಸ್ಬೇಕು." ಆದರೂ ಮಾಡಿಕೊಟ್ಟರು. ಹಿತ್ತಾಳೆ ಸ್ಕ್ರೂ ಮೆದು, ತೇಗಕ್ಕೆ ನೇರ ತಿರುಗಿಸಿದರೆ ಕತ್ತು ಮುರಿಯುತ್ತದೆ. ಅದಕ್ಕೇ ಅವರು ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಹಿತ್ತಾಳೆಯದಕ್ಕೆ ಸೋಪು ಸವರಿ ಕೂರಿಸಿದರು.

ಈಗ ನನ್ನ ಮುಖ್ಯ ಜಗಳಕ್ಕೆ ಬರುತ್ತೇನೆ. ಕಾರ್ಖಾನೆಯವರು ಹಳತನ್ನು ಸರಿಯಾಗಿ ನೋಡಿಲ್ಲ. ಯಾವುದೇ ಹಳೇ ದೇವಸ್ಥಾನದ ಹಿತ್ತಾಳೆ ತಗಡು ಹೊಡೆದ ಹೊಸ್ತಿಲನ್ನು ನೋಡಿ. ಜನ ಮುಟ್ಟಿ ನಮಸ್ಕರಿಸುವ ನಡುಭಾಗ ಚಿನ್ನದ ಹಾಗೆ, ಎರಡು ತುದಿ ಕಪ್ಪು. ಕೈ ಆಡಿದ ಜಾಗ ಮಂಕಾಗುವುದಿಲ್ಲ, ಬೆಳಗುತ್ತದೆ. ಆಂಟಿಕ್ ಫಿನಿಶ್ ಹಿಡಿಯಲ್ಲಿ ಕೈಗೆ ಸಿಗುವ ಜಾಗವೂ ಮೂಲೆಯೂ ಒಂದೇ ಮಸಿ. ಮನೆಯಲ್ಲಿ ಮಾಡುವವರು ಕಪ್ಪು ಬಂದ ಮೇಲೆ ಬೆರಳು ತಾಗುವ ಕಡೆ, ಕೀಲಿನ ಉಬ್ಬಿನ ಮೇಲೆ ನಯವಾದ ಉಕ್ಕಿನ ಉಣ್ಣೆಯಿಂದ (ಸ್ಟೀಲ್ ವುಲ್) ಉಜ್ಜಿ ಹಿತ್ತಾಳೆ ಹೊರಗೆ ತರಬೇಕು. ಸಂದಿಯಲ್ಲಿ ಮಾತ್ರ ಕಪ್ಪು ಉಳಿಯಲಿ. ಹೊಚ್ಚ ಹೊಸ ಅಪಾರ್ಟ್‌ಮೆಂಟಿಗೆ, ಪ್ಲೈವುಡ್ ಬಾಗಿಲಿಗೆ ಮೈಸೂರು ಅರಮನೆ ಲುಕ್ ಅಂತ ಮಸಿ ಹಿಡಿದ ಚಿಲಕ ಹಾಕಿಸುವವರಿಗೆ ಏನು ಹೇಳಲಿ? ಅವರ ದುಡ್ಡು, ಅವರ ಬಾಗಿಲು. ಆದರೆ ಅದೇ ದುಡ್ಡಿಗೆ ಒಳ್ಳೆ ಹಿತ್ತಾಳೆ ತಂದು ಹೊಳೆಯಲು ಬಿಡಿ ಸ್ವಾಮಿ, ಅದು ನಿಮ್ಮ ಜೊತೆಗೇ ಹಳೆಯದಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಹಳೇದು ಅಂತ ಹೇಳಿ ಮಾರುವುದು. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಒಂದು ಬೀಗ ತೋರಿಸಿ "ಇನ್ನೂರು ವರ್ಷದ್ದು ಸಾರ್, ಮಹಾರಾಜರ ಕಾಲದ್ದು" ಅಂದರು. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಸುಟ್ಟು, ಈಗ ನಾವು ನೋಡುವ ಅರಮನೆ ಕಟ್ಟಿ ಮುಗಿದದ್ದೇ 1912ರಲ್ಲಿ. ಅವರ ಬೀಗಕ್ಕೆ ಅರಮನೆಗಿಂತ ಜಾಸ್ತಿ ವಯಸ್ಸು! ಒಳಗೆ ನೋಡಿದರೆ ಸ್ಟಾರ್ ಸ್ಕ್ರೂ. 1972ರ ಕೇಂದ್ರ ಕಾನೂನಿನ ಪ್ರಕಾರ ಇಂಥ ವಸ್ತು ಪುರಾತನ ವಸ್ತು ಅನ್ನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು. ವಿನೆಗರಿನಲ್ಲಿ ಒಂದು ರಾತ್ರಿ ನೆನೆದದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ನಾನು ಮಾಡಿದ್ದೂ ಮೋಸವೇ ಅಂತ ಕೇಳಬಹುದು. ಸ್ಮಾರಕಗಳನ್ನು ಕಾಪಾಡುವುದು ಹೇಗೆ ಅಂತ ಹಲವು ದೇಶಗಳ ಪರಿಣತರು ಸೇರಿ ಬರೆದ 1964ರ ವೆನಿಸ್ ಸನ್ನದಿನಲ್ಲಿ ಹಳೇ ಕಟ್ಟಡಗಳ ರಿಪೇರಿಗೆ ಒಂದು ಮಾತಿದೆ. ಹೊಸ ಭಾಗ ಹಳೆಯದರ ಜೊತೆ ಹೊಂದಬೇಕು, ಆದರೆ ಯಾವುದು ಹೊಸದು ಅಂತ ಗುರುತೂ ಸಿಗಬೇಕು. ಅದನ್ನೇ ನಮ್ಮ ಬಾಗಿಲಿಗೆ ಇಳಿಸಿಕೊಂಡಿದ್ದೇನೆ. ಮರಕ್ಕೆ ಅಂಟುವ ಮಗ್ಗುಲಲ್ಲಿ, ಚಿಕ್ಕ ಉಳಿಯಿಂದ, ಹಾಕಿದ ಇಸವಿ ಕೆತ್ತಿದ್ದೇನೆ. ಮುಂದೆ ಯಾರಾದರೂ ಆ ಕೀಲು ಬಿಚ್ಚಿ ಮಾರಲು ಹೋದರೆ ಇನ್ನೂರು ವರ್ಷ ಅಂತ ಹೇಳಲು ಆಗಬಾರದು.