ಅಪ್ಪನಿಗೆ ಎಷ್ಟು ಮಾರ್ಕ್ಸ್ ಬಂತು?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದರೆ ಮಡಿಕೇರಿಯಲ್ಲಿ ಫ್ಲೆಕ್ಸ್‌ಗಳದ್ದೇ ದರ್ಬಾರು. ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ನಿಂತರೆ ಸಾಕು, ಮಕ್ಕಳೆಲ್ಲ ಮೇಲಿಂದ ನಮ್ಮನ್ನೇ ನೋಡಿ ನಗುತ್ತಿರುತ್ತಾರೆ. 625ಕ್ಕೆ ಇಷ್ಟು, ಕನ್ನಡದಲ್ಲಿ 125ಕ್ಕೆ 125. ಮಕ್ಕಳ ಬಗ್ಗೆ ನನ್ನದೇನೂ ತಕರಾರಿಲ್ಲ, ಪಾಪ, ನಿದ್ದೆಗೆಟ್ಟು ಓದಿದ್ದಾರೆ. ತಕರಾರು ಇರುವುದು ಕೆಳಗಿನ ಸಾಲಿನ ಮೇಲೆ: 'ಇದು ನಮ್ಮ ಸಂಸ್ಥೆಯ ಸಾಧನೆ'.

ಸಾಧನೆಯೇ, ಇಲ್ಲ ಅಂದವರು ಯಾರು? ಅದು ಅಡ್ಮಿಷನ್ ದಿನವೇ ಶುರುವಾಗುತ್ತೆ. ಪರಿಚಯದವರೊಬ್ಬರು ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋಗಿದ್ದರು. ಅಪ್ಪ ಏನು ಓದಿದ್ದೀರಿ, ಅಮ್ಮನಿಗೆ ಇಂಗ್ಲಿಷ್ ಬರುತ್ತಾ, ಕಾಫಿ ತೋಟ ಎಷ್ಟು ಎಕರೆ, ರೊಬಸ್ಟಾನಾ ಅರೇಬಿಕಾನಾ. ಮಗು ಕುರ್ಚಿ ಮೇಲೆ ಕಾಲಾಡಿಸುತ್ತಾ ಕೂತಿತ್ತಂತೆ, ಅದನ್ನು ಯಾರೂ ಮಾತಾಡಿಸಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಹೀಗೆ ಅಪ್ಪ ಅಮ್ಮನನ್ನು ಜರಡಿ ಹಿಡಿಯುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದವರೆಗೆ. ಅದಕ್ಕೇ ಅದು ಇಂಟರ್‌ವ್ಯೂ ಅಲ್ಲ, ಸುಮ್ನೆ ಪರಿಚಯ.

ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಅಂತ ಒಬ್ಬರು ಸಮಾಜಶಾಸ್ತ್ರಜ್ಞರಿದ್ದರು. ಆರು ಲಕ್ಷಕ್ಕಿಂತ ಹೆಚ್ಚು ಮಕ್ಕಳ ಲೆಕ್ಕ ತೆಗೆದು 1966ರಲ್ಲಿ ವರದಿ ಕೊಟ್ಟರು. ಮಾರ್ಕ್ಸ್ ಏರುಪೇರಾಗುವುದಕ್ಕೆ ಶಾಲೆ ಮಾಡುವ ಖರ್ಚಿಗಿಂತ ಮನೆಯ ಪರಿಸ್ಥಿತಿಯೇ ಜಾಸ್ತಿ ಕಾರಣ ಅಂತ. ಇಷ್ಟಕ್ಕೆ ಅಷ್ಟೆಲ್ಲ ಒದ್ದಾಡಬೇಕಿತ್ತಾ? ಕೊಡಗಿಗೆ ಬಂದಿದ್ದರೆ ನಮ್ಮ ಶಾಲೆ ಆಫೀಸಿನ ಕ್ಲರ್ಕ್ ಒಂದು ಕಾಫಿ ಮುಗಿಯುವುದರೊಳಗೆ ಹೇಳಿ ಕಳಿಸುತ್ತಿದ್ದರು.

ಇನ್ನು ಸನ್ಮಾನದ ಭಾಷಣಗಳು. ಸರ್ ಎಂ. ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಓದಿದ ಕಥೆ ಇಲ್ಲದೆ ಒಂದೂ ಮುಗಿಯುವುದಿಲ್ಲ. ಸ್ವಾಮಿ, ಜುಲೈನಲ್ಲಿ ಒಮ್ಮೆ ಮಡಿಕೇರಿಗೆ ಬನ್ನಿ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ದೀಪ ಉರಿದರೂ ಕೊಡೆ ಹಿಡಿಯಲು ಒಬ್ಬರು, ಪುಸ್ತಕ ಹಿಡಿಯಲು ಒಬ್ಬರು, ಕಾಲಿನ ಜಿಗಣೆ ಕೀಳಲು ಇನ್ನೊಬ್ಬರು ಬೇಕು. ಅಷ್ಟು ಆಳುಕಾಳು ಇರುವ ಮನೆಯ ಹುಡುಗ ಬೀದಿಯಲ್ಲಿ ಯಾಕೆ ಓದ್ತಾನೆ? ಮನೆಯಲ್ಲಿ ಇನ್ವರ್ಟರ್ ಇರುತ್ತಲ್ವಾ.

ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಶೇ. 25 ಸೀಟು ಅಂತ ಅದೇ ಕಾಯ್ದೆಯಲ್ಲಿತ್ತು. 2019ರಲ್ಲಿ ನಮ್ಮ ರಾಜ್ಯ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಬೇಡ ಅಂದುಬಿಟ್ಟಿತು. ಮುಗೀತು.

ಹೋಂಸ್ಟೇ ರೂಮು ಗುಡಿಸುವ ಹೆಂಗಸಿಗೆ ಶನಿವಾರ ಭಾನುವಾರ ಅಂದರೆ ಎರಡರಷ್ಟು ಕೆಲಸ. ರಾಜಾಸೀಟ್‌ನಲ್ಲಿ ಪ್ರವಾಸಿಗರು ತುಂಬಿದಷ್ಟೂ ಒಗೆಯಲು ಬೆಡ್‌ಶೀಟ್ ಜಾಸ್ತಿ. ಹತ್ತನೇ ಕ್ಲಾಸಿನ ಮಗಳು ಮನೆಯಲ್ಲಿ ನೀರು ಹಿಡಿದು, ತಮ್ಮನಿಗೆ ಉಣ್ಣಿಸಿ ಮಲಗಿಸಿ, ಆಮೇಲೆ ಗಣಿತದ ಪುಸ್ತಕ ತೆಗೆಯುತ್ತಾಳೆ. ಟ್ಯೂಷನ್ ಇಲ್ಲ, ಹೇಳಿಕೊಡುವವರಿಲ್ಲ. ಅವಳು 380 ತೆಗೆದರೆ ಯಾರೂ ಶಾಲು ಹೊದಿಸುವುದಿಲ್ಲ, ಮೊಬೈಲ್ ನೋಡಿ ಹಾಳಾದಳು ಅಂತಾರೆ. ಮಾರಾಯ್ರೇ, ಆ ಮನೆಯಲ್ಲಿ ಇರುವುದೇ ಒಂದು ಮೊಬೈಲ್. ಅದು ಬೆಳಿಗ್ಗೆಯಿಂದ ಅವಳ ಅಮ್ಮನ ಜೊತೆ ಹೋಂಸ್ಟೇಯಲ್ಲಿರುತ್ತೆ.