ಲೈವ್ ಶೋನಲ್ಲಿ ಟ್ರ್ಯಾಕ್ ಹಾಕ್ಕೊಂಡು ಹಾಡೋದು ಸರಿನಾ? ಪರ - ವಿರೋಧ

ಟಿಕೆಟ್ ತಗೊಂಡು ಲೈವ್ ಶೋಗೆ ಹೋಗಿರ್ತೀವಿ, ಇಲ್ಲಾ ಮ್ಯಾಚ್ ಶುರುವಾಗೋ ಮುಂಚೆ ಗ್ರೌಂಡ್ ಮಧ್ಯೆ ಯಾರೋ ಮೈಕ್ ಹಿಡ್ಕೊಂಡು ಹಾಡ್ತಿರ್ತಾರೆ, ಆದ್ರೆ ಸ್ಪೀಕರ್‌ನಿಂದ ಬರ್ತಿರೋದ್ರಲ್ಲಿ ಅರ್ಧ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದು, ಅದಕ್ಕೇ ಟ್ರ್ಯಾಕ್ ಅನ್ನೋದು. ಕೆಲವು ಸಲ ಪೂರ್ತಿನೂ. ಫ್ಯಾನ್ಸ್ ಮಧ್ಯೆ ಈ ಜಗಳ ಮುಗಿಯೋದೇ ಇಲ್ಲ, ಒಬ್ರು "ಇದು ಮೋಸ" ಅಂತಾರೆ, ಇನ್ನೊಬ್ರು "ಎಲ್ರೂ ಮಾಡ್ತಾರೆ ಬಿಡ್ರೀ" ಅಂತಾರೆ, ಅಲ್ಲಿಗೆ ಮಾತು ಮುಗೀತು. ನಿಜವಾಗ್ಲೂ ಎರಡೂ ಕಡೆ ಹೇಳೋಕೆ ತುಂಬಾ ಇದೆ, ಅದಕ್ಕೆ ಆಯಾ ಕಡೆ ನಿಂತ್ಕೊಂಡು ಎರಡನ್ನೂ ಬೇರೆ ಬೇರೆಯಾಗಿ ಬರೆದಿದೀನಿ.

ಪರ

ಮೊದಲು ಸ್ಟೇಡಿಯಂ ಮಧ್ಯೆ ನಿಂತು ಹಾಡೋದು ಅಂದ್ರೆ ಏನು ಅಂತ ಯೋಚ್ನೆ ಮಾಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನೀವು ಹಾಡಿದ್ದು ನೂರು ಮೀಟರ್ ಆಚೆ ಇರೋ ಸ್ಟ್ಯಾಂಡಿಗೆ ಬಡಿದು ವಾಪಸ್ ನಿಮ್ಮ ಕಿವಿಗೆ ಬರೋಷ್ಟರಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಆಗಿರುತ್ತೆ, ಅಷ್ಟರಲ್ಲಿ ನೀವು ಮುಂದಿನ ಪದಕ್ಕೆ ಹೋಗಿರ್ತೀರಿ, ಅಂದ್ರೆ ಬಾಯಲ್ಲಿ ಒಂದು ಪದ, ಕಿವೀಲಿ ಹಿಂದಿನ ಪದ. ಅಭ್ಯಾಸ ಇಲ್ದೋರು ಕೇಳಿಸ್ಕೊಳ್ತಾ ಕೇಳಿಸ್ಕೊಳ್ತಾ ನಿಧಾನ ಆಗ್ತಾರೆ, ಹಿಂದೆ ನುಡಿಸೋರು ತಮ್ಮ ಪಾಡಿಗೆ ಮುಂದೆ ಹೋಗ್ತಾರೆ, ಎತ್ತು ಏರಿಗೆ ಕೋಣ ನೀರಿಗೆ. ಲೋಕಲ್ ಟೂರ್ನಮೆಂಟ್ ಫೈನಲ್‌ಗೆ ಗ್ರೌಂಡಿನ ನಾಲ್ಕು ಮೂಲೇಲಿ ಸ್ಪೀಕರ್ ಕಟ್ಟಿ ಯಾರನ್ನಾದ್ರೂ ಹಾಡಿಸಿದಾಗ ಆಗೋದು ಇದೇ. ಹಾಡೋ ಹುಡುಗಿ ಕೆಟ್ಟದಾಗಿ ಹಾಡ್ತಿರಲ್ಲ, ಆ ಜಾಗ ಅವಳನ್ನ ಹಾಡೋಕೆ ಬಿಡ್ತಿರಲ್ಲ ಅಷ್ಟೇ. ಜನ ಮಾತ್ರ ಅವಳನ್ನೇ ಆಡ್ಕೋತಾರೆ.

1991ರ ಜನವರಿಯಲ್ಲಿ ಅಮೆರಿಕದ ಟ್ಯಾಂಪಾದಲ್ಲಿ ಸೂಪರ್ ಬೌಲ್ ಮ್ಯಾಚಿಗೆ, ಅಂದ್ರೆ ಅಲ್ಲಿನ ಫುಟ್‌ಬಾಲ್ ಫೈನಲ್‌ಗೆ ಮುಂಚೆ ಗಾಯಕಿ ವಿಟ್ನಿ ಹ್ಯೂಸ್ಟನ್ ಅಮೆರಿಕದ ರಾಷ್ಟ್ರಗೀತೆ ಹಾಡಿದ್ರಲ್ಲ, ಗಲ್ಫ್ ಯುದ್ಧ ಶುರುವಾಗಿ ಹತ್ತೇ ದಿನ ಆಗಿತ್ತು, ಇವತ್ತಿಗೂ ಆ ಹಾಡು ಕೇಳಿ ಕಣ್ಣಲ್ಲಿ ನೀರು ಹಾಕ್ಕೊಳ್ಳೋರಿದಾರೆ. ಮೂರರ ಲಯದಲ್ಲಿದ್ದ ಹಾಡನ್ನ ನಾಲ್ಕರ ಲಯಕ್ಕೆ ತಂದಿದ್ರು, ಅದ್ರಿಂದ ಅವರಿಗೆ ಒಂದೊಂದು ಸಾಲನ್ನೂ ಹಿಗ್ಗಿಸಿ ಹಾಡೋಕೆ ಜಾಗ ಸಿಕ್ತು. ಸ್ಟೇಡಿಯಂನಲ್ಲಿದ್ದೋರು ಕೇಳಿದ್ದು ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದ ಧ್ವನಿ. ಆದ್ರೆ ಧ್ವನಿ ಅವರದೇ, ಉಸಿರು ಅವರದೇ, ಆ ಯೋಚ್ನೆನೂ ಅವರ ತಂಡದ್ದೇ. ಹತ್ತು ವರ್ಷ ಆದ್ಮೇಲೆ 2001ರಲ್ಲಿ ಅದೇ ರೆಕಾರ್ಡಿಂಗ್ ಮತ್ತೆ ರಿಲೀಸ್ ಆಗಿ ಮತ್ತೆ ಜನರ ಎದೆಗೆ ತಾಗ್ತು. ಅವತ್ತು ಅಲ್ಲಿದ್ದೋರಿಗೆ ಮೋಸ ಆಯ್ತು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

2009ರಲ್ಲಿ ಒಬಾಮಾ ಪ್ರಮಾಣವಚನದ ದಿನ ಇಟ್ಜಾಕ್ ಪರ್ಲ್‌ಮನ್, ಯೋ-ಯೋ ಮಾ ಅಂಥೋರೇ ರೆಕಾರ್ಡಿಂಗ್ ಜೊತೆ ಕೈ ಆಡಿಸಿದ್ರು. ವಯಲಿನ್, ಚೆಲ್ಲೋ ನುಡಿಸೋದ್ರಲ್ಲಿ ಇವರಿಗಿಂತ ದೊಡ್ಡೋರನ್ನ ಎಲ್ಲಿಂದ ತರೋಣ? ಕೊರೆಯೋ ಚಳಿ, ಆ ಚಳೀಲಿ ತಂತಿ ಶ್ರುತೀಲಿ ನಿಲ್ಲಲ್ಲ, ಬೆರಳು ಮಾತು ಕೇಳಲ್ಲ. ಇಟಲಿಯ ಒಪೆರಾ ಗಾಯಕ ಪವರೋಟಿ 2006ರಲ್ಲಿ ಟುರಿನ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೇಲಿ ಹಾಡಿದ್ದೂ ಕೆಲವು ದಿನ ಮುಂಚೆ ರೆಕಾರ್ಡ್ ಮಾಡಿದ್ದೇ. ಎಪ್ಪತ್ತು ವಯಸ್ಸು, ಮೈ ಹುಷಾರಿರಲಿಲ್ಲ, ಮುಂದಿನ ವರ್ಷವೇ ತೀರ್ಕೊಂಡ್ರು. ಆ ರಾತ್ರಿ ಅವರು ಅಲ್ಲಿ ಬಂದು ನಿಂತಿದ್ದೇ ದೊಡ್ಡದು.

ಇನ್ನು ಡ್ಯಾನ್ಸ್. ಎರಡು ಗಂಟೆ ಓಡಾಡಿ ಕುಣಿದು ಬೆವರು ಸುರಿಸೋ ಶೋಗೇ ಜನ ಟಿಕೆಟ್ ತಗೊಳ್ಳೋದು, ಅದರ ಮಧ್ಯೆ ಕೋರಸ್ ಬಂದಾಗ ಹಿಂದಿನಿಂದ ಟ್ರ್ಯಾಕ್ ಸ್ವಲ್ಪ ಆಸರೆ ಕೊಟ್ರೆ ಏನು ಮುಳುಗಿ ಹೋಯ್ತು?

ಸಣ್ಣ ಬ್ಯಾಂಡ್‌ಗಳ ವಿಷ್ಯ ಯಾರೂ ಮಾತಾಡಲ್ಲ, ನನಗೆ ಅದೇ ಮುಖ್ಯ ಅನ್ಸುತ್ತೆ. ಇಬ್ಬರೇ ಇರೋ ಬ್ಯಾಂಡ್, ಒಬ್ಬ ಡ್ರಮ್ಸ್, ಒಬ್ಬಳು ಗಿಟಾರ್ ಹಿಡ್ಕೊಂಡು ಹಾಡ್ತಾಳೆ. ಅವರ ಹಾಡಲ್ಲಿ ವಯಲಿನ್‌ಗಳಿವೆ, ಕೋರಸ್ ಇದೆ, ಅಷ್ಟು ಜನನ್ನ ವ್ಯಾನಲ್ಲಿ ತುಂಬ್ಕೊಂಡು ತಿರುಗೋಕಾಗುತ್ತಾ? ಅವರ ಹತ್ರ ಇರೋದು ಒಂದು ಲ್ಯಾಪ್‌ಟಾಪ್, ಅದರಲ್ಲಿ ಒಂದು ಸ್ಟೀರಿಯೋ ಫೈಲ್. ಎಡಗಡೆ ಚಾನಲ್‌ನಲ್ಲಿ ಬರೀ ತಾಳ ತೋರಿಸೋ ಕ್ಲಿಕ್, ಟಕ್ ಟಕ್ ಟಕ್ ಟಕ್ ಅಂತ, ಅದು ಡ್ರಮ್ಮರ್ ಹೆಡ್‌ಫೋನಿಗೆ ಮಾತ್ರ ಹೋಗುತ್ತೆ, ಬಲಗಡೆ ಚಾನಲ್‌ನಲ್ಲಿ ವಯಲಿನ್, ಅದು ಜನರ ಕಡೆ ಇರೋ ಸ್ಪೀಕರಿಗೆ. ಅವನು ಕ್ಲಿಕ್ ಕೇಳ್ತಾ ಬಾರಿಸ್ತಾನೆ, ಅವಳು ಅವನನ್ನ ನೋಡ್ತಾ ಹಾಡ್ತಾಳೆ, ಒಂದು ಬೀಟ್ ತಪ್ಪಿದ್ರೂ ಎಲ್ಲ ಚೆಲ್ಲಾಪಿಲ್ಲಿ. ಇದನ್ನ ಸೋಮಾರಿತನ ಅನ್ನೋರು ಒಂದ್ಸಲ ಕ್ಲಿಕ್ ಜೊತೆ ಬಾರಿಸಿ ನೋಡ್ಬೇಕು.

ಹೊಸದೇನೂ ಅಲ್ಲ ಇದು. ಎಪ್ಪತ್ತರ ದಶಕದಲ್ಲೇ ಇಂಗ್ಲೆಂಡಿನ ರಾಕ್ ಬ್ಯಾಂಡ್ 'ದ ಹೂ' (The Who) ಡ್ರಮ್ಮರ್ ಕೀತ್ ಮೂನ್ ಹೆಡ್‌ಫೋನ್ ಹಾಕ್ಕೊಂಡು ಟೇಪಲ್ಲಿದ್ದ ಸಿಂಥಸೈಜರ್ ಜೊತೆ ಡ್ರಮ್ಸ್ ಬಾರಿಸ್ತಿದ್ರು. ಕ್ವೀನ್ ಬ್ಯಾಂಡ್ 'ಬೊಹೀಮಿಯನ್ ರಾಪ್ಸಡಿ' ಹಾಡನ್ನ ಸ್ಟೇಜ್ ಮೇಲೆ ಮಾಡುವಾಗ ಮಧ್ಯದ ಒಪೆರಾ ಭಾಗ ಬಂತು ಅಂದ್ರೆ ಸ್ಟೇಜ್ ಬಿಟ್ಟು ಹೊರಟೇ ಹೋಗ್ತಿತ್ತು, ಟೇಪ್ ಓಡ್ತಿತ್ತು, ರಾಕ್ ಭಾಗಕ್ಕೆ ವಾಪಸ್ ಬರ್ತಿದ್ರು. ಸ್ಟುಡಿಯೋದಲ್ಲಿ ಧ್ವನಿ ಮೇಲೆ ಧ್ವನಿ ಪೇರಿಸಿ ಕಟ್ಟಿದ್ದನ್ನ ನಾಲ್ಕು ಜನ ಸ್ಟೇಜ್ ಮೇಲೆ ಹೇಗೆ ಹಾಡ್ತಾರೆ? ಸ್ವೀಡನ್‌ನ 'ಅಬ್ಬಾ' (ABBA) ಬ್ಯಾಂಡಿನ ಲಂಡನ್ ಶೋನಲ್ಲಂತೂ, 2022ರಿಂದ ನಡೀತಿರೋದು, ಹಾಡೋರು ಸ್ಟೇಜ್ ಮೇಲೆ ಇಲ್ವೇ ಇಲ್ಲ. ಡಿಜಿಟಲ್ ರೂಪ, ಹಳೇ ರೆಕಾರ್ಡಿಂಗ್‌ನ ಧ್ವನಿ, ಪಕ್ಕದಲ್ಲಿ ಹತ್ತು ಜನರ ಲೈವ್ ಬ್ಯಾಂಡ್. ಜನ ಗೊತ್ತಿದ್ದೇ ಹೋಗ್ತಾರೆ, ಕುಣೀತಾರೆ, ಅಳ್ತಾರೆ. ಆ ಖುಷಿ ಸುಳ್ಳು ಅಂತ ಹೇಳೋಕೆ ನಾವ್ಯಾರು?

ವಿರೋಧ

ಚಳಿ ಅಂತೀರಾ, ಒಪ್ಪಿದೆ. ಎಕೋ ಅಂತೀರಾ, ಅದೂ ಸರಿ. ಆದ್ರೆ ನೋಡಿ, ಪ್ರಮಾಣವಚನ, ಒಲಿಂಪಿಕ್ಸ್ ಉದ್ಘಾಟನೆ, ಮ್ಯಾಚಿಗೆ ಮುಂಚಿನ ರಾಷ್ಟ್ರಗೀತೆ, ಇವೆಲ್ಲ ಐದು ನಿಮಿಷದ ಕೆಲಸ, ಮುಖ್ಯ ಕಾರ್ಯಕ್ರಮ ಬೇರೆ ಇದೆ, ಹಾಡು ಅದಕ್ಕೊಂದು ಅಲಂಕಾರ. ಅದನ್ನ ತೋರಿಸ್ಕೊಂಡು ಹಾಡಿಗೋಸ್ಕರವೇ ಟಿಕೆಟ್ ಮಾರಿರೋ ಎರಡು ಗಂಟೆ ಶೋಗೆ ಲೈಸೆನ್ಸ್ ತಗೊಳ್ಳೋದು ಯಾವ ನ್ಯಾಯ? ನಾನು ಲೈವ್ ಶೋಗೆ ಹೋಗೋದು ಹಾಡು ಕೇಳೋಕಲ್ಲ, ಹಾಡು ಮನೇಲೇ ಇದೆ, ಇನ್ನೂ ಚೆನ್ನಾಗಿ ಕೇಳುತ್ತೆ. ಇವತ್ತು, ಇಲ್ಲಿ, ಈ ಜನರ ಮುಂದೆ ಈ ಮನುಷ್ಯ ಇದನ್ನ ಹೇಗೆ ಹಾಡ್ತಾನೆ ಅಂತ ನೋಡೋಕೆ ಹೋಗೋದು. ಮ್ಯಾಚಿಗೆ ಹೋಗೋದೂ ಅದಕ್ಕೇ ಅಲ್ವಾ, ರಿಸಲ್ಟ್ ಮೊದಲೇ ಫಿಕ್ಸ್ ಆಗಿದ್ರೆ ಯಾವ ಗ್ರೌಂಡಿಗೆ ಯಾರು ಬರ್ತಾರೆ.

ಕ್ಲಿಕ್ ಜೊತೆ ಬಾರಿಸೋದು ಕಷ್ಟ ಅಂತ ಗೊತ್ತು. ಆದ್ರೆ ಅದರಿಂದ ಏನು ಹೋಗುತ್ತೆ ಅನ್ನೋದನ್ನೂ ನೋಡ್ಬೇಕು. ಟ್ರ್ಯಾಕ್ ಕಾಯಲ್ಲ. ಮೂರನೇ ಸಾಲಿಗೆ ಬಂದಾಗ ಜನ ಇದ್ದಕ್ಕಿದ್ದ ಹಾಗೆ ಜೋರಾಗಿ ಜೊತೆ ಹಾಡೋಕೆ ಶುರು ಮಾಡಿದ್ರು ಅನ್ಕೊಳ್ಳಿ, ಒಳ್ಳೇ ಹಾಡುಗಾರ ಆಗ ಏನ್ಮಾಡ್ತಾನೆ, ಮೈಕ್ ಜನರ ಕಡೆ ತಿರುಗಿಸ್ತಾನೆ, ಡ್ರಮ್ಮರ್ ಕಡೆ ಒಂದು ಕೈ ಎತ್ತಿ ತೋರಿಸ್ತಾನೆ, ಡ್ರಮ್ಮರ್ ಕೈಯಲ್ಲಿ ಬಾರಿಸೋ ಸ್ನೇರ್ ಡ್ರಮ್ ಬಿಟ್ಟು ಬರೀ ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ ಇಟ್ಕೋತಾನೆ, ಬೇಸ್ ನುಡಿಸೋನು ಅವನ ಮುಖ ನೋಡಿ ಒಂದೇ ಸ್ವರದಲ್ಲಿ ನಿಲ್ತಾನೆ, ಆ ಸಾಲು ಎಂಟು ಸಲ ಹೋಗುತ್ತೋ ಹದಿನಾರು ಸಲ ಹೋಗುತ್ತೋ ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ದೇ ಇರೋದೇ ಲೈವ್. ಟ್ರ್ಯಾಕ್ ಇದ್ರೆ ಅವನು ಕೈ ಎತ್ತೋದೇ ಇಲ್ಲ, ಎತ್ತಿದ್ರೂ ಉಪಯೋಗ ಇಲ್ಲ, ವಯಲಿನ್ ತನ್ನ ಪಾಡಿಗೆ ಮುಂದೆ ಹೋಗಿ ಆಗಿರುತ್ತೆ. ಈಗ ಭಾಗಗಳನ್ನ ಹಿಂದೆ ಮುಂದೆ ಜಂಪ್ ಮಾಡಿಸೋ ಸಾಫ್ಟ್‌ವೇರ್ ಇದೆ, ಗೊತ್ತು, ಅದನ್ನ ಹಾಗೆ ಬಳಸೋರು ಎಷ್ಟು ಜನ? ಹೆಚ್ಚಿನೋರು ಪ್ಲೇ ಒತ್ತಿ ಅದರ ಹಿಂದೆ ಓಡ್ತಾರೆ.

ಕ್ವೀನ್ ಉದಾಹರಣೆ ಕೊಟ್ರಲ್ಲ, ಅದೇ ಕ್ವೀನ್ 1985ರ ಲೈವ್ ಏಯ್ಡ್ ಅನ್ನೋ ಸಹಾಯಾರ್ಥ ಶೋನಲ್ಲಿ, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಏನ್ಮಾಡ್ತು? ಸಿಕ್ಕಿದ್ದು ಇಪ್ಪತ್ತು ನಿಮಿಷ, 'ಬೊಹೀಮಿಯನ್ ರಾಪ್ಸಡಿ'ಯ ಮೊದಲ ಭಾಗ ಹಾಡಿ ಟೇಪ್ ಬೇಕಾಗೋ ಕಡೆಗೆ ಹೋಗ್ಲೇ ಇಲ್ಲ, ಸೀದಾ ಮುಂದಿನ ಹಾಡಿಗೆ ಹೋದ್ರು. ಆಮೇಲೆ ಅವರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಒಬ್ರೇ ಮೈಕ್ ಕಡ್ಡಿ ಹಿಡ್ಕೊಂಡು ನಿಂತು "ಏ... ಓ" ಅಂತ ಎಳೆದ್ರೆ ಸುಮಾರು 72,000 ಜನ ಅದನ್ನೇ ವಾಪಸ್ ಕೊಟ್ರು. ಅವರು ಒಂದು ಕೊಟ್ರೆ ಜನ ಒಂದು, ಅವರು ಇನ್ನೂ ಉದ್ದಕ್ಕೆ ಎಳೆದ್ರೆ ಜನಾನೂ ಎಳೆದ್ರು. ಇಷ್ಟು ವರ್ಷ ಆದ್ಮೇಲೂ ಆ ಶೋ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಆ ಅರೆನಿಮಿಷ. ಯಾವ ಟ್ರ್ಯಾಕಲ್ಲೂ ಅದನ್ನ ಮೊದಲೇ ತುಂಬಿಡೋಕೆ ಆಗಲ್ಲ.

ತಪ್ಪಾಗುತ್ತೆ ಅನ್ನೋ ಭಯಕ್ಕೆ ಟ್ರ್ಯಾಕ್ ಹಾಕ್ತಾರೆ. ತಪ್ಪಾಗ್ಲಿ ಬಿಡಿ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪ್ಲೇಆಫ್ ಮ್ಯಾಚಿಗೆ ಮುಂಚೆ ರಾಷ್ಟ್ರಗೀತೆ ಹಾಡೋಕೆ ಬಂದ 13 ವರ್ಷದ ಹುಡುಗಿ ಸಾಲು ಮರೆತು ಹೋಗಿ ಮೈಕಲ್ಲಿ ಮುಖ ಮುಚ್ಕೊಂಡು ನಿಂತುಬಿಟ್ಳು. ಪೋರ್ಟ್‌ಲ್ಯಾಂಡ್ ಕೋಚ್ ಮಾರಿಸ್ ಚೀಕ್ಸ್ ತಮ್ಮ ಜಾಗದಿಂದ ಎದ್ದು ಬಂದು, ಅವಳ ಭುಜದ ಮೇಲೆ ಕೈ ಹಾಕಿ, ಮರೆತ ಸಾಲು ಹೇಳಿಕೊಟ್ಟು ಜೊತೇಲೇ ಹಾಡೋಕೆ ಶುರು ಮಾಡಿದ್ರು. ಅವರೇನು ಹಾಡುಗಾರರಲ್ಲ. ಆದ್ರೆ ಇಡೀ ಅರೀನಾ ದನಿ ಸೇರಿಸ್ತು, ಎರಡೂ ಟೀಮಿನ ಫ್ಯಾನ್ಸ್ ಸೇರಿ ಆ ಹುಡುಗಿನ ಕೊನೇ ಸಾಲಿಗೆ ಮುಟ್ಟಿಸಿದ್ರು. ಅವತ್ತು ಟ್ರ್ಯಾಕ್ ಹಾಕಿದ್ದಿದ್ರೆ ಹಾಡು ಯಾವ ತಪ್ಪೂ ಇಲ್ದೇ ಮುಗೀತಿತ್ತು, ಯಾರಿಗೂ ನೆನಪಿರ್ತಿರಲಿಲ್ಲ. ನಾನು ಈ ವಿಡಿಯೋ ನೋಡಿದಾಗೆಲ್ಲ ಅವರು ಎದ್ದು ಬರೋ ಜಾಗದಲ್ಲಿ ಗಂಟಲು ಕಟ್ಟುತ್ತೆ.

ಇನ್ನೊಂದು ಕಡೆ ನೋಡಿ. ಟ್ರ್ಯಾಕಲ್ಲಿರೋ ಆ ವಯಲಿನ್, ಕೋರಸ್, ಕೀಬೋರ್ಡ್, ಅದೆಲ್ಲ ಯಾರದ್ದೋ ಹೊಟ್ಟೆಪಾಡು. ಇಬ್ಬರ ಬ್ಯಾಂಡಿಗೆ ವ್ಯಾನಲ್ಲಿ ಜಾಗ ಇಲ್ಲ ಸರಿ, ಆದ್ರೆ ಲಾರಿಗಟ್ಟಲೆ ಲೈಟು, ಸ್ಕ್ರೀನು, ಹೊಗೆ ಮಷಿನ್ ಸಾಗಿಸೋ ದೊಡ್ಡ ಸ್ಟಾರ್‌ಗಳಿಗೆ ಮೂರು ಜನ ಕೋರಸ್ ಹಾಡೋರನ್ನ ಕರ್ಕೊಂಡು ಹೋಗೋಕೆ ಜಾಗ ಇರಲ್ವಾ? ಮೊದಲು ಕಟ್ ಆಗೋದು ಯಾವಾಗ್ಲೂ ಹಿಂದೆ ನಿಂತು ಹಾಡೋರೇ.

ಮತ್ತೆ ಈ ದಾರೀಲಿ ಎಲ್ಲಿ ನಿಲ್ಲಿಸ್ತೀರಿ ಅನ್ನೋದೂ ಒಂದಿದೆ. ಮೊದಲು ವಾದ್ಯ, ಆಮೇಲೆ ಕೋರಸ್, ಆಮೇಲೆ ಕಷ್ಟದ ಸಾಲು, ಕೊನೆಗೆ ಬಾಯಿ ಮಾತ್ರ ಅಲ್ಲಾಡುತ್ತೆ. ಮಿಲಿ ವನಿಲಿ ಅನ್ನೋ ಇಬ್ಬರು ಹುಡುಗರ ಪಾಪ್ ಜೋಡಿ ಕಥೆ ಎಲ್ರಿಗೂ ಗೊತ್ತು, 1989ರಲ್ಲಿ ಶೋ ಮಧ್ಯೆ ಟ್ರ್ಯಾಕ್ ಸಿಕ್ಕಾಕ್ಕೊಂಡು ಅರ್ಧ ಸಾಲೇ ಮತ್ತೆ ಮತ್ತೆ ಬಂತು, ಮುಂದಿನ ವರ್ಷ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಿಕ್ತು, ಅದೇ ವರ್ಷ ನವೆಂಬರ್‌ನಲ್ಲಿ ಹಾಡಿದ್ದು ಇವರಲ್ವೇ ಅಲ್ಲ ಅಂತ ಹೊರಗೆ ಬಂದು ಗ್ರ್ಯಾಮಿ ವಾಪಸ್ ಹೋಯ್ತು. ಎಲ್ರೂ ಆ ಇಬ್ಬರು ಹುಡುಗರನ್ನ ಬೈದ್ರು. ನನಗೆ ನೋವಾಗೋದು ನಿಜವಾಗಿ ಹಾಡಿದೋರ ಬಗ್ಗೆ, ಕೋಟ್ಯಂತರ ಜನ ಅವರ ಧ್ವನಿಗೆ ಕುಣಿದ್ರು, ಅವರ ಮುಖ ಯಾರಿಗೂ ಗೊತ್ತಿರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೇಲಿ ಇನ್ನೂ ಕೆಟ್ಟದಾಯ್ತು, ಒಬ್ಬ ಪುಟ್ಟ ಹುಡುಗಿ ಹಾಡಿದ್ದಕ್ಕೆ ಇನ್ನೊಬ್ಬ ಹುಡುಗಿ ಬಾಯಿ ಆಡಿಸಿದ್ಳು, ಟಿವಿಯಲ್ಲಿ ಚೆನ್ನಾಗಿ ಕಾಣ್ಲಿ ಅಂತ. ಹಾಡಿದ ಮಗು ತೆರೆಯ ಹಿಂದೆ. ದೊಡ್ಡೋರು ಕೂತು ಮಾಡಿದ ತೀರ್ಮಾನ ಅದು, ಆ ಮಕ್ಕಳದ್ದೇನೂ ತಪ್ಪಿಲ್ಲ.

ಕಾನೂನು ಮಾಡಿ ತಡೀಬೇಕು ಅಂತ ನಾನು ಹೇಳ್ತಿಲ್ಲ. ಯೂರೋಪಿನ ಯೂರೋವಿಷನ್ ಹಾಡಿನ ಸ್ಪರ್ಧೇಲಿ ಒಂದು ರೂಲ್ ಇದೆ, ನನಗೆ ಅದು ಇಷ್ಟ. 1998ರ ನಂತರ ಅಲ್ಲಿ ಆರ್ಕೆಸ್ಟ್ರಾ ಇಲ್ಲ, ವಾದ್ಯ ಎಲ್ಲ ಟ್ರ್ಯಾಕೇ. 2021ರಿಂದ ಹಿಂದಿನ ಕೋರಸ್ಸೂ ರೆಕಾರ್ಡ್ ಮಾಡಿ ತರಬಹುದು. ಆದ್ರೆ ಮುಖ್ಯ ಹಾಡುಗಾರರ ಧ್ವನಿ ಮಾತ್ರ ಅಲ್ಲೇ, ಆಗಲೇ, ಆ ಮೈಕಲ್ಲೇ ಬರ್ಬೇಕು. ಇಷ್ಟು ಸಾಕು. ಕೋರಸ್ ಹೋಗಿದ್ದಕ್ಕೆ ನನಗೆ ಬೇಜಾರಿದೆ, ಆದ್ರೂ ಇಷ್ಟಾದ್ರೂ ಎಲ್ಲಾ ಟಿಕೆಟ್ ಶೋಗಳಲ್ಲೂ ಪಾಲಿಸ್ಲಿ, ಪಾಲಿಸೋಕಾಗದ ದಿನ ಮೊದಲೇ ಹೇಳಿಬಿಡ್ಲಿ. 2013ರಲ್ಲಿ ಗಾಯಕಿ ಬಿಯಾನ್ಸೆ ಒಬಾಮಾ ಎರಡನೇ ಪ್ರಮಾಣವಚನದ ದಿನ ಟ್ರ್ಯಾಕ್ ಜೊತೆ ರಾಷ್ಟ್ರಗೀತೆ ಹಾಡಿದ್ದು ದೊಡ್ಡ ಗಲಾಟೆ ಆದಾಗ, ಸೂಪರ್ ಬೌಲ್ ಪ್ರೆಸ್ ಮೀಟ್‌ನಲ್ಲಿ ಎಲ್ರನ್ನೂ ಎದ್ದು ನಿಲ್ಲಿಸಿ ಅದೇ ರಾಷ್ಟ್ರಗೀತೆನ ವಾದ್ಯ ಇಲ್ದೇ ಹಾಡಿ ತೋರಿಸಿದ್ರು, ಆಮೇಲೆ ಪ್ರಶ್ನೆ ಕೇಳಿ ಅಂದ್ರು, ಟ್ರ್ಯಾಕ್ ಬಳಸಿದ್ದನ್ನೂ ಒಪ್ಕೊಂಡ್ರು. ಅಷ್ಟು ಚೆನ್ನಾಗಿ ಹಾಡೋಕೆ ಬರೋರಿಗೂ ಭಯ ಇರುತ್ತೆ ಅಂದ್ರೆ ಆ ಭಯ ನಿಜವಾದ್ದೇ, ಅದನ್ನ ನಾನು ಹಗುರವಾಗಿ ಮಾತಾಡಲ್ಲ. ಆದ್ರೆ ಶೋಗೆ ಬರೋ ಜನ ಅಷ್ಟು ಕ್ರೂರಿಗಳೇನಲ್ಲ. ಶ್ರುತಿ ಸ್ವಲ್ಪ ಇಳಿದ್ರೆ ಇಳೀಲಿ, ಒಂದು ಸ್ಟೆಪ್ ಕಮ್ಮಿ ಹಾಕ್ಲಿ, ಎರಡು ಹಾಡಿನ ಮಧ್ಯೆ ನಿಂತು ನೀರು ಕುಡಿದು ಉಸಿರು ತಗೊಳ್ಲಿ, ನಾವು ಕಾಯ್ತೀವಿ.